ಬಾರದ ಚಂದ್ರಿಕೆ

ಕಾರ್ಡಿನ ದುಡ್ಡು ಹೊಡೆದವನು ಯಾವ ದೇಶದವನೋ, ಅವನ ಮುಖ ನಾವು ಯಾರೂ ಕಂಡಿಲ್ಲ, ಕಾಣುವುದೂ ಇಲ್ಲ. ಅವನಿಗೆ ಬಾಗಿಲು ತೆಗೆದುಕೊಟ್ಟವನು ನನ್ನ ಮಗ. ತೆಗೆದದ್ದು ದಡ್ಡತನ, ಅದು ಯಾರಿಗೂ ಆಗುತ್ತದೆ. ಆದರೆ ತೆಗೆದವನು ತಾನೇ ಅಂತ ಒಳಗೊಳಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತ. ಹೆಂಡತಿಯ ತಮ್ಮನ ತಲೆಯ ಮೇಲೆ ಕಳ್ಳನ ಹೆಸರು ಬಂದು ಕೂರುವುದನ್ನು ನೋಡಿಕೊಂಡು ಕೂತ. ನಡೆದದ್ದು ಇಷ್ಟೇ. ಊರಿನಲ್ಲಿ ಬೇರೆ ಬೇರೆ ಥರ ಹೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹಾಸ್ಟೆಲಿನಿಂದ ರಜೆಗೆ ಬಂದಾಗ ಮೊಮ್ಮಗಳು ನನ್ನ ಕಾಗುಣಿತ ತಿದ್ದುತ್ತಾಳೆ. ಮಾತು ತಿದ್ದಲು ಮಾತ್ರ ನಾನು ಬಿಡುವುದಿಲ್ಲ.

ನಮ್ಮದು ರಾಮನಗರ ತಾಲ್ಲೂಕು, ಕೂಟಗಲ್ ಕಡೆಯ ಹಳ್ಳಿ. ಮನೆಯಲ್ಲಿ ನಾನು, ಮಗ, ಸೊಸೆ. ರೇಷ್ಮೆ ಹುಳು ಸಾಕುತ್ತೇವೆ. ಸೊಸೆ ರಾಮನಗರದ ಒಂದು ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಹುಳು ನಾಲ್ಕನೇ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ತಿನ್ನುವ ವಾರದಲ್ಲಿ ಅವಳು ರಜ ಹಾಕುತ್ತಾಳೆ. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಹಾಗೆ ಹೇಳುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ಬರುವ ಹಸಿವು ಮನುಷ್ಯರಿಗೆ ಬಂದರೆ ಊರೇ ಖಾಲಿಯಾದೀತು.

ಹುಳುಮನೆಗೆ ಒಂದು ಶಾಸ್ತ್ರ ಇದೆ. ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಹೊರಗಿನವರು ಬರುವಂತಿಲ್ಲ. ಹೂವು ಮುಡಿದು, ಪೌಡರು ಹಾಕಿಕೊಂಡು ಬರುವಂತಿಲ್ಲ. ಕೆಲವು ವರ್ಷದ ಹಿಂದೆ ಒಂದು ಬೆಳೆ ಪೂರಾ ಸುಣ್ಣಕಟ್ಟಿ ಹೋಯಿತು. ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾಗಿ ಸತ್ತವು. ನಾವು ಕೈ ತೊಳೆಯುತ್ತೇವೆ, ಕಾಲು ತೊಳೆಯುತ್ತೇವೆ, ಆದರೆ ಊರೆಲ್ಲ ಮುಟ್ಟಿದ ಮೊಬೈಲನ್ನು ಯಾರು ತೊಳೆಯುತ್ತಾರೆ ಅಂತ ನನಗೆ ಅನುಮಾನ ಬಂತು. ಅಂದಿನಿಂದ ಜಗಲಿಯ ಗೂಟಕ್ಕೆ ಒಂದು ಬಿದಿರಿನ ಕುಕ್ಕೆ ತೂಗುಹಾಕಿದ್ದೇನೆ. ಒಳಗೆ ಹೋಗುವವರ ಮೊಬೈಲು ಅದರಲ್ಲಿ ಇರಬೇಕು. ಬೆಳಿಗ್ಗೆ ಇಟ್ಟರೆ ಕೆಲಸ ಮುಗಿದ ಮೇಲೇ ಕೈಗೆ. ಅಕ್ಕಪಕ್ಕದವರು ನಕ್ಕರು. ಆಮೇಲೆ ಅವರೂ ಒಂದೊಂದು ಕುಕ್ಕೆ ಕಟ್ಟಿದರು.

ಚಂದ್ರಿಕೆಯ ವಿಷಯವನ್ನೂ ಹೇಳಬೇಕು. ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ ಅದು, ಒಳಗೆ ಸುರುಳಿ ಸುರುಳಿಯಾಗಿ ಪಟ್ಟಿ ಇರುತ್ತದೆ. ಎಲ್ಲರ ಮನೆಯಲ್ಲೂ ಬೇಕಾದಷ್ಟು ಇರುವುದಿಲ್ಲ. ನಿಮ್ಮ ಬೆಳೆ ಬಂದಾಗ ನಮ್ಮದು, ನಮ್ಮದು ಬಂದಾಗ ನಿಮ್ಮದು. ಚಂದ್ರಿಕೆ ಕೇಳಿ ಬಂದವರಿಗೆ ಇಲ್ಲ ಅನ್ನುವ ಮನೆ ನಮ್ಮ ಕಡೆ ಇಲ್ಲ. ನನ್ನ ಅತ್ತೆ ಇನ್ನೊಂದು ಮಾತು ಹೇಳುತ್ತಿದ್ದಳು: ಮನಸ್ಸು ಕೆಟ್ಟ ಮನೆಯಿಂದಲೇ ಮೊದಲು ಚಂದ್ರಿಕೆ ಕೇಳು, ಅವರು ಕೊಟ್ಟರೆ ನಂಟು ಮುರಿದಿಲ್ಲ ಅಂತ ಅರ್ಥ.

ಇನ್ನು ಕ್ರೆಡಿಟ್ ಕಾರ್ಡು. ಸೊಸೆಯ ಸಂಬಳ ಬೀಳುವ ಬ್ಯಾಂಕಿನವರು ಅವರಾಗಿಯೇ ಫೋನ್ ಮಾಡಿ ಮಾಡಿ ಕೊಟ್ಟದ್ದು ಅದು. ಕೇಳದೆ ಸಾಲ ಕೊಡಲು ಬರುವವನ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಐವತ್ತು ದಿನ ಬಡ್ಡಿಯಿಲ್ಲ ಅಂದಳು ಸೊಸೆ. ಐವತ್ತೊಂದನೇ ದಿನ ಏನು ಅಂತ ಕೇಳಿದೆ. ಅವಳು ಒಳ್ಳೆಯವಳು, ಮುಚ್ಚಿಡಲಿಲ್ಲ. ಪೂರ್ತಿ ಕಟ್ಟದಿದ್ದರೆ ಕೊಂಡ ದಿನದಿಂದಲೇ ಬಡ್ಡಿ ಹತ್ತುತ್ತದೆ, ಅದೂ ಮಾಮೂಲಿ ಬಡ್ಡಿಯಲ್ಲ. ಬಿಲ್ಲಿನಲ್ಲಿ ದೊಡ್ಡ ಅಂಕಿಯ ಪಕ್ಕದಲ್ಲಿ ಮಿನಿಮಮ್ ಅಂತ ಒಂದು ಸಣ್ಣ ಅಂಕಿ ಹಾಕಿರುತ್ತಾರೆ, ಸದ್ಯಕ್ಕೆ ಅಷ್ಟು ಕಟ್ಟಿದರೂ ಸಾಕು ಅಂತ. ನಾನು ಅಂದೆ, ದೊಡ್ಡ ಹಸಿವಿನ ಹುಳುವಿಗೆ ಒಂದು ಹಿಡಿ ಸೊಪ್ಪು ಎರಚಿದ ಹಾಗೆ, ಅದು ತಿಂದ ಲೆಕ್ಕವೂ ಅಲ್ಲ, ನೀನು ಹಾಕಿದ ಲೆಕ್ಕವೂ ಅಲ್ಲ. ಸೊಸೆ ಆ ಸಣ್ಣ ಅಂಕಿಯನ್ನು ಯಾವತ್ತೂ ನಂಬಲಿಲ್ಲ. ಸಂಬಳ ಬಂದ ಮರುದಿನ ಪೂರ್ತಿ ಕಟ್ಟಿಬಿಡುತ್ತಿದ್ದಳು. ಲಿಮಿಟ್ ಜಾಸ್ತಿ ಮಾಡುತ್ತೇವೆ ಅಂತ ಫೋನ್ ಬಂದರೆ ಬೇಡ ಅನ್ನುತ್ತಿದ್ದಳು. ಅವಳಿಗೆ ಒಂದು ಆಸೆ ಇತ್ತು. ಹುಳುಮನೆಗೆ ಗಟ್ಟಿ ಛಾವಣಿ ಹಾಕಿಸಲು ತನ್ನ ಹೆಸರಿನಲ್ಲಿ ಲೋನ್ ತೆಗೆಯಬೇಕು, ಅದಕ್ಕೆ ತನ್ನ ಸಾಲದ ಸ್ಕೋರು ಕೆಡಬಾರದು. ಗಡುವು ತಪ್ಪಿದರೆ ಸ್ಕೋರು ಇಳಿಯುತ್ತದಂತೆ.

ಅವಳು ನನಗೆ ಇಷ್ಟವಿಲ್ಲದ ಒಂದೇ ಒಂದು ಕೆಲಸ ಮಾಡಿದಳು. ಕಾರ್ಡನ್ನು ತಮ್ಮನಿಗೆ ಕೊಟ್ಟಳು. ಅವನು ಚನ್ನಪಟ್ಟಣದ ಪಕ್ಕದ ಹಳ್ಳಿಯಲ್ಲಿ ಮನೆಯ ಮುಂದೆಯೇ ಮರದ ಬೊಂಬೆ ಕಡೆಯುತ್ತಾನೆ. ಕಡೆಯುವ ಯಂತ್ರದ ಹಳೆಯ ಮೋಟಾರು ಸುಟ್ಟುಹೋಗಿತ್ತು. ಹೊಸದನ್ನು ಅಕ್ಕನ ಕಾರ್ಡಿನಲ್ಲಿ ಕಂತಿಗೆ ಕೊಂಡ. ತಿಂಗಳು ತಿಂಗಳು ಗಡುವಿಗೆ ಮೊದಲೇ ಬಂದು ಕೊಟ್ಟು ಹೋಗುತ್ತಿದ್ದ, ಅದನ್ನು ಸುಳ್ಳು ಹೇಳಬಾರದು. ಆದರೂ ನಾನು ಅವತ್ತೇ ಅಂದಿದ್ದೆ.

"ಕಾರ್ಡು ಏನು ಚಂದ್ರಿಕೆಯಾ, ಮನೆಮನೆ ತಿರುಗಕ್ಕೆ? ಚಂದ್ರಿಕೆ ಮುರುದ್ರೆ ಚಂದ್ರಿಕೆ ಮುರಿತದೆ. ಇದು ಮುರುದ್ರೆ ನಿನ್ನ ಹೆಸ್ರು ಮುರಿತದೆ."

"ನನ್ನ ತಮ್ಮ ಅಲ್ವಾ ಅತ್ತೆ" ಅಂದಳು. ಅದಕ್ಕೇ ನಾನು ಹೇಳಿದ್ದು ಅಂತ ನನ್ನ ಪಾಡಿಗೆ ಗೊಣಗಿದೆ.

ಈ ಸಲದ ಬೆಳೆಗೆ ಮೊಟ್ಟೆ ಹೆಚ್ಚು ತಂದಿದ್ದೆವು. ಚಂದ್ರಿಕೆ ಸಾಲದು ಅಂತ ಮೊದಲ ದಿನವೇ ಗೊತ್ತಿತ್ತು. ಸುತ್ತಮುತ್ತ ಎಲ್ಲರ ಹುಳುವೂ ಒಂದೇ ಸಮಕ್ಕೆ ಹಣ್ಣಾಗುವುದರಲ್ಲಿದ್ದವು, ಕೈಬದಲೂ ಸಿಗುವುದಿಲ್ಲ, ಬಾಡಿಗೆಗೂ ಸಿಗುವುದಿಲ್ಲ. ಮಗ ಚಿಂತೆ ಮಾಡಬೇಡ ಅಂದ. ಮೊಬೈಲಿನಲ್ಲಿ ಪ್ಲಾಸ್ಟಿಕ್ ಚಂದ್ರಿಕೆ ಬರುತ್ತವೆ, ಮಡಚಿಡಬಹುದು, ತೊಳೆಯಬಹುದು, ಅರ್ಧ ಬೆಲೆ, ಆರ್ಡರ್ ಹಾಕಿದ್ದೇನೆ ಅಂದ. ದುಡ್ಡು ಕೊಟ್ಟೆಯಾ ಅಂತ ಕೇಳಿದೆ. ಮನೆಗೆ ಬಂದ ಮೇಲೆ ಕೊಡುವುದು ಅಂದ. ಅರ್ಧ ಬೆಲೆ ಯಾಕೆ, ಕದ್ದ ಮಾಲಾ ಅಂತ ಕೇಳಿದೆ. ಅವನು ನಕ್ಕ. ಹುಳು ಎರಡನೇ ಜ್ವರದಲ್ಲಿ ಮಲಗಿದ್ದಾಗ ಹಾಕಿದ ಆರ್ಡರು, ನಾಲ್ಕನೆಯದು ಎದ್ದರೂ ಬರಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ಬತ್ತೈತೆ ಕಣವ್ವ."

ದೊಡ್ಡ ಹಸಿವಿನ ವಾರ ಶುರುವಾಯಿತು. ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು, ಹಿಕ್ಕೆ ತೆಗೆಯುವುದು, ಮತ್ತೆ ಸೊಪ್ಪು. ಆ ವಾರ ಅರ್ಧ ಕಳೆದ ಮೇಲಿನ ಸೋಮವಾರ ಬೆಳಿಗ್ಗೆ ಸೊಸೆ ಮೊಬೈಲನ್ನು ಕುಕ್ಕೆಯಲ್ಲಿ ಹಾಕಿದವಳು ರಾತ್ರಿ ಅದನ್ನು ಎತ್ತಿಕೊಳ್ಳಲೂ ಇಲ್ಲ, ಉಂಡು ಬಿದ್ದುಕೊಂಡಳು. ಮಂಗಳವಾರ ಸಂಜೆ ಕೈ ತೊಳೆದು ಮೊಬೈಲು ತೆಗೆದು ನೋಡಿದಳು. ಜಗಲಿಯ ಮೇಲೆ ಹಾಗೇ ಕೂತುಬಿಟ್ಟಳು. ನಾನು ಒಲೆಯ ಮುಂದಿನಿಂದ ನೋಡುತ್ತಿದ್ದೆ. ಸತ್ತ ಸುದ್ದಿ ಬಂದರೆ ಮನುಷ್ಯರು ಎದ್ದು ನಿಲ್ಲುತ್ತಾರೆ. ದುಡ್ಡು ಹೋದ ಸುದ್ದಿ ಬಂದರೆ ಕೂರುತ್ತಾರೆ. ಹೋಗಿ ಪಕ್ಕದಲ್ಲಿ ನಿಂತೆ.

ಅವಳ ಕಾರ್ಡಿನಲ್ಲಿ ಯಾರೋ ಏನೋ ಕೊಂಡಿದ್ದರು. ಹೊರದೇಶದ ಅಂಗಡಿ, ಹೊರದೇಶದ ದುಡ್ಡು. ನಮ್ಮ ದುಡ್ಡಿಗೆ ಹಾಕಿದರೆ ಈ ಬೆಳೆಯ ಗೂಡು ಮಾರಿ ಬರುವುದರಲ್ಲಿ ಅರ್ಧಕ್ಕಿಂತ ಹೆಚ್ಚು. ಬ್ಯಾಂಕಿನ ಮೆಸೇಜು ಸೋಮವಾರವೇ ಬಂದಿತ್ತು. ನೀವು ಕೊಂಡದ್ದಲ್ಲವಾದರೆ ತಕ್ಷಣ ತಿಳಿಸಿ ಅಂತ ಅದರಲ್ಲೇ ಬರೆದಿತ್ತು. ಕುಕ್ಕೆಯಲ್ಲಿ ಬಿದ್ದ ಮೆಸೇಜನ್ನು ಯಾರು ಓದುತ್ತಾರೆ?

ನನ್ನ ಬಾಯಿಗೆ ಮೊದಲು ಬಂದದ್ದು ಅವಳ ತಮ್ಮನ ಮಾತು. ಮೋಟಾರು ಕೊಳ್ಳುವಾಗ ನಂಬರೆಲ್ಲ ಅವನ ಮೊಬೈಲಿಗೆ ಹೋಗಿದೆಯಲ್ಲ ಅಂದೆ. ಅವಳು ಸಿಟ್ಟು ಮಾಡುತ್ತಾಳೆ, ಇಲ್ಲ ಅನ್ನುತ್ತಾಳೆ ಅಂತ ಕಾದೆ. ಅವಳು ಇಲ್ಲ ಅನ್ನಲಿಲ್ಲ. ಅವಳ ತಲೆಗೂ ಅದೇ ಬಂದಿತ್ತು. ಕೂತುಬಿಟ್ಟದ್ದು ದುಡ್ಡಿಗಲ್ಲ.

ಬ್ಯಾಂಕಿಗೆ ಫೋನ್ ಮಾಡು ಅಂದೆ. ಮಾಡುವುದಿಲ್ಲ ಅಂದಳು. ಮಾಡಿದರೆ ಅವರು ಹುಡುಕುತ್ತಾರೆ, ಪೊಲೀಸು ಅನ್ನುತ್ತಾರೆ, ಅವನ ಮನೆಯ ಮುಂದೆ ಜೀಪು ನಿಂತರೆ ಅವನ ಹೆಂಡತಿ ಮಕ್ಕಳು ತಲೆ ಎತ್ತುವುದಿಲ್ಲ.

"ನಾನೇ ಕಟ್ಕತೀನಿ ಅತ್ತೆ. ತಿಂಗಳು ತಿಂಗಳು ಮಿನಿಮಮ್ ಕಟ್ಕಂಡು ಹೋದ್ರಾಯ್ತು."

ಆ ಸಣ್ಣ ಅಂಕಿಯನ್ನು ಯಾವತ್ತೂ ನಂಬದವಳ ಬಾಯಲ್ಲಿ ಆ ಮಾತು ಬಂತು. ಆಗ ನನಗೆ ಗೊತ್ತಾಯಿತು, ಇವಳು ತಮ್ಮನನ್ನು ಉಳಿಸಿಕೊಳ್ಳಲು ತನ್ನ ಛಾವಣಿ, ತನ್ನ ಸ್ಕೋರು, ತನ್ನ ಸಂಬಳ ಎಲ್ಲವನ್ನೂ ಆ ಬಡ್ಡಿಯ ಬಾಯಿಗೆ ಹಾಕುತ್ತಾಳೆ ಅಂತ. ಅದೂ ಅವನು ಕದ್ದಿದ್ದಾನೋ ಇಲ್ಲವೋ ಗೊತ್ತಿಲ್ಲದೆ.

ಬುಧವಾರ ಇಡೀ ದಿನ ಸೊಪ್ಪು ಹಾಕುತ್ತಾ ನಾನು ಇಬ್ಬರನ್ನೂ ನೋಡುತ್ತಿದ್ದೆ. ಸೊಸೆ ಊಟ ಬಿಟ್ಟಿದ್ದಳು. ಮಗನಿಗೆ ಮಂಗಳವಾರ ರಾತ್ರಿಯೇ ವಿಷಯ ಹೇಳಿದ್ದಳು. ನನ್ನ ಮಗ ಒಂದು ಕುಕ್ಕೆ ಸೊಪ್ಪು ಬಾಡಿದರೆ ಬೀದಿಗೆ ಕೇಳುವ ಹಾಗೆ ಕೂಗುವವನು. ಬಾಮೈದ ಹೋದ ಹಬ್ಬಕ್ಕೆ ಹೊತ್ತು ಮೀರಿ ಬಂದ ಅಂತ ಈ ಹಬ್ಬದವರೆಗೆ ಅಂದವನು. ಅಂಥವನು, ಅದೇ ಬಾಮೈದ ಮನೆಯ ದುಡ್ಡು ಹೊಡೆದಿರಬಹುದು ಅಂತ ಕೇಳಿಯೂ ಒಂದು ಮಾತು ಬೈಯಲಿಲ್ಲ. ಪಾಪ ಅವನಿಗೇನು ಕಷ್ಟವೋ ಅಂದ. ಪಾಪ ಅನ್ನುವ ಮಾತು ನನ್ನ ಮಗನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನ್ನ ಅನುಮಾನ ಚನ್ನಪಟ್ಟಣದಿಂದ ಎದ್ದು ಬಂದು ನಮ್ಮ ಹುಳುಮನೆಯಲ್ಲೇ ಕೂತಿತು. ಆದರೆ ಹಿಡಿಯಲು ಕೈಗೆ ಏನೂ ಸಿಗಲಿಲ್ಲ.

ಸಂಜೆಯ ಸೊಪ್ಪು ಹಾಕಿ ಮೂವರೂ ಹೊರಗೆ ಬಂದೆವು. ಒಳಗೆ ಅಲ್ಲೊಂದು ಇಲ್ಲೊಂದು ಹುಳು ಆಗಲೇ ಮೈ ತಿಳಿಯಾಗಿ ತಲೆ ಎತ್ತಿ ತೂಗುತ್ತಿದ್ದವು. ನಾಳೆ ಹಣ್ಣಾಗುತ್ತವೆ. ಚಂದ್ರಿಕೆ ಇಲ್ಲ. ನಾನು ಕುಕ್ಕೆಯಿಂದ ಸೊಸೆಯ ಮೊಬೈಲು ತೆಗೆದು ಅವಳ ಮಡಿಲಿಗೆ ಹಾಕಿದೆ.

"ಮಾಡು ಬ್ಯಾಂಕಿಗೆ. ನಿನ್ನ ತಮ್ಮ ಕದ್ದಿದ್ರೆ ಆಚೆಗೆ ಬರ್ಲಿ. ಕದ್ದಿಲ್ದೆ ಇದ್ರೆ ಅವನು ಯಾಕೆ ಹೊರಬೇಕು? ನೀನು ಮುಚ್ಚಿಕಂಡು ಕಟ್ಟಿದ್ರೆ ಸಾಯೋಗಂಟ ಅವನು ನಿನ್ನ ಕಣ್ಣಲ್ಲಿ ಕಳ್ಳನೇ."

ಅವಳು ಮೊಬೈಲು ಕೈಗೆ ತಗೊಂಡಳು. ಆಗಲಿ ಅಂತ ತಲೆಯಾಡಿಸಿದಳು. ಅಷ್ಟರಲ್ಲಿ ಮಗ ಮುಂದೆ ಬಂದು ತಾನೇ ನಂಬರು ಹುಡುಕಿ ಕೊಡುತ್ತೇನೆ ಅಂತ ಅವನ ಮೊಬೈಲಿನಲ್ಲಿ ಬ್ಯಾಂಕಿನ ಹೆಸರು ಬರೆದು ಹುಡುಕಿದ. ಮೊದಲು ಬಂದ ನಂಬರನ್ನೇ ಒತ್ತಿ, ಸ್ಪೀಕರ್ ಹಾಕಿ ಹೆಂಡತಿಯ ಕೈಗೆ ಕೊಟ್ಟ. ಒಂದೇ ರಿಂಗಿಗೆ ಆ ಕಡೆಯವನು ಎತ್ತಿಕೊಂಡ. ಮೇಡಂ ಮೇಡಂ ಅಂತ ಬೆಣ್ಣೆ ಹಚ್ಚಿದ ಹಾಗೆ ಮಾತು. ಏನೂ ಗಾಬರಿ ಬೇಡ, ಒಂದು ಆ್ಯಪ್ ಹಾಕಿಕೊಳ್ಳಿ, ಈಗ ಒಂದು ಓಟಿಪಿ ಬರುತ್ತದೆ, ಅದನ್ನು ಓದಿ, ದುಡ್ಡು ಈಗಿಂದೀಗಲೇ ವಾಪಸ್ಸು ಅಂದ.

ಸೊಸೆ ಬ್ಯಾಂಕಿಗೆ ಫೋನ್ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಡು ಹಾಕುತ್ತಾರೆ, ಒಂದು ಒತ್ತು ಎರಡು ಒತ್ತು ಅನ್ನುತ್ತಾರೆ, ಅನ್ನಕ್ಕೆ ಎಸರಿಟ್ಟರೆ ಅನ್ನ ಆಗುತ್ತದೆ, ಮನುಷ್ಯರು ಸಿಗುವುದಿಲ್ಲ. ನಾನು ಕೈ ಚಾಚಿ ಮೊಬೈಲು ಕಿತ್ತುಕೊಂಡೆ.

"ಒಂದೇ ರಿಂಗಿಗೆ ಎತ್ತಿದ್ಯಲ್ಲ ಸ್ವಾಮಿ, ನೀನು ಬ್ಯಾಂಕಿನೋನಲ್ಲ. ಕಳ್ತನ ಆಗೈತೆ ಅಂತ ಹೇಳಕ್ಕೆ ಬಂದೋರ ಹತ್ರ ಬೀಗದ ಕೈ ಕೇಳ್ತಿಯಲ್ಲ, ನಿಮ್ಮವ್ವ ಬುದ್ಧಿ ಹೇಳ್ಲಿಲ್ವಾ?"

ಅವನು ಬೆಣ್ಣೆ ಮಾತು ಬಿಟ್ಟು ಬೇರೆ ಮಾತು ಆಡಿದ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೊಮ್ಮಗಳು ಓದುತ್ತಾಳೆ. ಫೋನು ಇಟ್ಟೆ.

ಸೊಸೆ ಕಾರ್ಡನ್ನೇ ತಂದಳು. ಅದರ ಹಿಂದೆ ಇರುವೆ ಸಾಲಿನ ಹಾಗೆ ಸಣ್ಣಗೆ ನಂಬರು ಬರೆದಿದೆ. ಬೆಳಕಿಗೆ ಹಿಡಿದು ಓದಿ ತನ್ನ ಮೊಬೈಲಿನಲ್ಲಿ ಒತ್ತಿ ಸ್ಪೀಕರ್ ಹಾಕಿದಳು. ಹಾಡು ಶುರುವಾಯಿತು. ನನಗೆ ಸಮಾಧಾನವಾಯಿತು, ಇದು ಬ್ಯಾಂಕೇ.

ಬಹಳ ಹೊತ್ತಾದ ಮೇಲೆ ಒಬ್ಬ ಹೆಂಗಸು ಸಿಕ್ಕಳು. ಧಾರವಾಡದ ಕಡೆಯ ಕನ್ನಡ. ಈ ಮಾತು ರೆಕಾರ್ಡ್ ಆಗುತ್ತದೆ ಅಂತ ಮೊದಲೇ ಹೇಳಿದಳು. ಹೆಸರು, ಹುಟ್ಟಿದ ದಿನ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೇಳಿದಳು. ಓಟಿಪಿ ಕೇಳಲಿಲ್ಲ, ಪಿನ್ ಕೇಳಲಿಲ್ಲ. ನಾನು ಕಾಯುತ್ತಲೇ ಇದ್ದೆ, ಕೇಳಿದರೆ ಇವಳಿಗೂ ಹೇಳೋಣ ಅಂತ. ಮೊದಲು ಕಾರ್ಡು ಬಂದ್ ಮಾಡಿದಳು. ಆಮೇಲೆ, ನಿಮಗೆ ಮೆಸೇಜು ಬಂದದ್ದು ಸೋಮವಾರ, ಮೂರು ಕೆಲಸದ ದಿನದೊಳಗೆ ತಿಳಿಸಿದ್ದೀರಿ, ಒಳ್ಳೆಯದಾಯಿತು, ತಡವಾದಷ್ಟೂ ನಷ್ಟ ನಿಮ್ಮ ಪಾಲಿಗೆ ಹೆಚ್ಚಾಗುತ್ತಿತ್ತು ಅಂದಳು. ಇದಕ್ಕೆ ಓಟಿಪಿ ಬಂದಿತ್ತೇ ಅಂತ ಕೇಳಿದಳು. ಬಂದಿರಲಿಲ್ಲ. ಕೆಲವು ಹೊರದೇಶದ ಅಂಗಡಿಗಳಲ್ಲಿ ಓಟಿಪಿ ಇಲ್ಲದೆಯೂ ಹೋಗುತ್ತದಂತೆ. ಅದಕ್ಕೇ ಹೊರದೇಶದ ಸ್ವಿಚ್ಚು ಅಂತ ಒಂದು ಇರುತ್ತದೆ, ಕಾರ್ಡು ಕೊಡುವಾಗ ಅದು ಬಂದ್ ಆಗಿರುತ್ತದೆ, ಬೇಕಾದವರು ತಾವೇ ಮೊಬೈಲಿನಲ್ಲಿ ತೆಗೆಯಬೇಕು.

"ನಿಮ್ದು ಎರಡು ವಾರದ ಹಿಂದ ರವಿವಾರ ತೆಗದದ ನೋಡ್ರಿ" ಅಂದಳು. "ನಿಮ್ಮ ಮೊಬೈಲ್ನಾಗಿಂದನ. ಮುಂಜಾನೆ ಹನ್ನೊಂದರ ಸುಮಾರಿಗೆ. ನೀವ ತಗದಿದ್ರೇನು?"

ಸೊಸೆ ಒಂದು ನಿಮಿಷ ಅಂತ ಹೇಳಿ, ಮೊಬೈಲಿನ ಮೈಕು ಬಂದ್ ಮಾಡಿ ನನ್ನ ಮುಖ ನೋಡಿದಳು. ಎರಡು ವಾರದ ಹಿಂದೆ ಅಂದರೆ ಹುಳು ಎರಡನೇ ಜ್ವರದಲ್ಲಿದ್ದಾಗ. ಅವತ್ತು ಭಾನುವಾರ, ಅವಳು ನನ್ನ ಜೊತೆ ಹುಳುಮನೆ ಒಳಗಿದ್ದಳು. ಅವಳ ಮೊಬೈಲು ಕುಕ್ಕೆಯಲ್ಲಿತ್ತು. ಅವಳ ತಮ್ಮ ಆ ದಿನ ಈ ಕಡೆ ಕಾಲಿಟ್ಟಿರಲಿಲ್ಲ. ಜಗಲಿಯ ಮೇಲೆ ಇದ್ದವನು ಒಬ್ಬನೇ. ನಾವಿಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದೆವು.

ಮಗ ನೆಲ ನೋಡುತ್ತಿದ್ದ. ಮಾತಿಲ್ಲದೆ ಕೈಸನ್ನೆಯಲ್ಲಿ, ಗೊತ್ತಿಲ್ಲ ಅಂತ ಹೇಳು ಅಂದ.

"ಇದ್ದದ್ದು ಹೇಳು" ಅಂದೆ ನಾನು ಸೊಸೆಗೆ. "ಮಾತು ರೆಕಾರ್ಡ್ ಆಯ್ತೈತೆ ಅಂತ ಅವಳೇ ಅಂದವಳೆ. ಸುಳ್ಳು ಹೇಳಿ ಸಿಕ್ಕಾಕಂಡ್ರೆ ಇರೋ ದಾರೀನೂ ಮುಚ್ತದೆ." ನನಗೆ ಸತ್ಯದ ಮೇಲೆ ಅಂಥ ಮೋಹವೇನಿಲ್ಲ. ರೆಕಾರ್ಡಿನ ಮೇಲೆ ಭಯ.

ಮಗ ಆಗ ಬಾಯಿ ಬಿಟ್ಟ. ಚಂದ್ರಿಕೆಯ ಅಂಗಡಿಯವರು ಮನೆಗೆ ಬಂದ ಮೇಲೆ ದುಡ್ಡು ತಗೊಳ್ಳುವುದಿಲ್ಲ ಅಂದರಂತೆ. ಕಾರ್ಡಾದರೆ ಇನ್ನೂ ಕಡಿಮೆ ಬೆಲೆ ಅಂದರಂತೆ. ಇವನು ಹೆಂಡತಿಯ ಚೀಲದಿಂದ ಕಾರ್ಡು ತೆಗೆದು ಹಿಂದೆ ಮುಂದೆ ಇರುವ ಅಂಕಿಯೆಲ್ಲ ಬರೆದ. ದುಡ್ಡು ಹೋಗಲಿಲ್ಲ. ಎಲ್ಲ ಸ್ವಿಚ್ಚೂ ತೆಗೆಯಿರಿ ಅಂತ ಅವರೇ ಹೇಳಿಕೊಟ್ಟರು. ಹೆಂಡತಿಯ ಮೊಬೈಲಿನ ಪಿನ್ ಅವನಿಗೆ ಗೊತ್ತಿತ್ತು, ಅದನ್ನೂ ತೆಗೆದ. ಓಟಿಪಿ ಬಂದದ್ದನ್ನು ಕುಕ್ಕೆಯಿಂದ ಮೊಬೈಲೆತ್ತಿ ನೋಡಿಕೊಂಡು ಹಾಕಿ, ಮೆಸೇಜು ಅಳಿಸಿ, ಮೊಬೈಲು ಇದ್ದ ಹಾಗೇ ಇಟ್ಟ. ಬಿಲ್ಲು ಬರುವುದರೊಳಗೆ ಗೂಡು ಮಾರಿದ ದುಡ್ಡಿನಲ್ಲಿ ಕಟ್ಟಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದ. ಅಂಗಡಿಯೇ ಸುಳ್ಳು, ಆ ಅಂಕಿಗಳು ಹೋದದ್ದು ಕಳ್ಳನ ಕೈಗೆ. ಹುಳುವಿಗೆ ಹೊರಗಿನ ಸೋಂಕು ತಾಗಬಾರದು ಅಂತ ನಾನು ಕಟ್ಟಿದ ಕುಕ್ಕೆ. ಅದೇ ಇವನಿಗೆ ಒಳಗಿನವರ ಕಣ್ಣು ತಪ್ಪಿಸಲು ಅನುಕೂಲವಾಯಿತು.

ಸೊಸೆ ಅವನು ಹೇಳಿದ್ದನ್ನೆಲ್ಲ ಹಾಗೇ ಫೋನಿನವಳಿಗೆ ಹೇಳಿದಳು, ಒಂದೂ ಬಿಡಲಿಲ್ಲ. ಆ ಹೆಂಗಸು ಎಲ್ಲ ಕೇಳಿ, ಚಂದ್ರಿಕೆಗೆ ಕೊಟ್ಟದ್ದು ಓಟಿಪಿ ಹಾಕಿ ನೀವೇ ಕೊಟ್ಟದ್ದು, ಅದಕ್ಕೆ ಮಾಲು ಬಂದಿಲ್ಲ ಅಂತ ಬೇರೆ ದೂರು ಕೊಡಿ, ಅದು ಸಿಗುತ್ತದೆ ಅಂತ ನಾನು ಹೇಳಲಾರೆ ಅಂದಳು. ಹೊರದೇಶದ್ದಕ್ಕೆ ತನಿಖೆ ನಡೆಯುತ್ತದೆ, ಹತ್ತು ಕೆಲಸದ ದಿನದೊಳಗೆ ಅಷ್ಟು ದುಡ್ಡನ್ನು ತಾತ್ಕಾಲಿಕವಾಗಿ ನಿಮ್ಮ ಲೆಕ್ಕಕ್ಕೆ ಹಾಕುತ್ತಾರೆ, ತೀರ್ಮಾನ ಆಮೇಲೆ. ಜಗಳದಲ್ಲಿರುವ ಆ ಒಂದನ್ನು ಬಿಟ್ಟು ಬಿಲ್ಲಿನ ಉಳಿದದ್ದನ್ನು ಮಾತ್ರ ಗಡುವಿಗೆ ಮೊದಲು ಪೂರ್ತಿ ಕಟ್ಟಿರಿ, ಇಲ್ಲದಿದ್ದರೆ ಅದಕ್ಕೆ ಬಡ್ಡಿ ಹತ್ತುತ್ತದೆ. ದೂರಿನ ನಂಬರು ಕೊಟ್ಟಳು. ಸೈಬರ್ ಪೊಲೀಸಿಗೂ ಇವತ್ತೇ ತಿಳಿಸಿ ಅಂದಳು. ಬ್ಯಾಂಕು ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಮೇಲೆ ದೂರು ಕೇಳುವ ಕಚೇರಿ ಇದೆ, ಅಲ್ಲಿಗೆ ಕಾಸಿಲ್ಲದೆ ಬರೆಯಬಹುದು ಅಂತಲೂ ಅಂದಳು. ತನ್ನ ಬ್ಯಾಂಕಿನ ಮೇಲೆ ದೂರು ಕೊಡುವ ದಾರಿಯನ್ನು ತಾನೇ ಹೇಳುತ್ತಾಳಲ್ಲ, ಇದರಲ್ಲೇನು ಹುನ್ನಾರ ಅಂತ ಯೋಚಿಸಿದೆ. ಸೊಸೆಯನ್ನು ಕೇಳಿದ್ದಕ್ಕೆ, ಅದು ಅವರು ಹೇಳಲೇಬೇಕಾದ್ದು ಅತ್ತೆ, ನಿಯಮ ಅಂದಳು.

ಫೋನು ಇಟ್ಟಾಯಿತು. ಸೈಬರ್ ಪೊಲೀಸಿಗೂ ಫೋನಿನಲ್ಲೇ ದೂರು ಬರೆಸಿದಳು. ಆಮೇಲೆ ಸೊಸೆ ಗಂಡನ ಎದುರು ಬಂದು ನಿಂತಳು.

"ನನ್ನ ತಮ್ಮ ಕಳ್ಳ ಅಂತ ನಾನು ಅನ್ನ ಬುಟ್ಟಿದ್ದೆ. ನೀನು ನೋಡ್ಕಂಡು ಉಂಡ್ಯಲ್ಲ."

"ಹೇಳಾನ ಅಂತಿದ್ದೆ ಕಣೆ. ಖಂಡಿತ ಅದೇ ಅಂತ ನಂಗೂ ಗೊತ್ತಿರ್ಲಿಲ್ಲ."

"ಖಂಡಿತ ಗೊತ್ತಿಲ್ಲದೆ ಇದ್ದಿದ್ದಕ್ಕೆ ಪಾಪ ಅಂದ್ಯೇನ್ಲಾ?" ಅಂದೆ ನಾನು. "ಬೈಯದೆ ಇದ್ಯಲ್ಲ, ಅವಾಗ್ಲೇ ಬಂತು ನಂಗೆ ಗುಮಾನಿ. ಸಿಟ್ಟಾದ್ರೂ ಮಾಡಿದ್ರೆ ತಪ್ಪಿಸ್ಕತಿದ್ದೆ ನೀನು."

ಅವನು ಎದ್ದು ಹುಳುಮನೆಗೆ ಹೋದ. ಸೊಸೆ ತಟ್ಟೆಗೆ ಮುದ್ದೆ ಹಾಕಿಕೊಂಡಳು. ಅವಳು ನುಂಗುವುದನ್ನು ನೋಡಿ ನಾನೂ ಕೂತೆ. ತಮ್ಮನಿಗೆ ಈ ವಿಷಯ ಹೇಳಬೇಡ ಅತ್ತೆ ಅಂದಳು. ನಾನು ಹ್ಞೂಂ ಅನ್ನಲಿಲ್ಲ. ಅವನಿಗೆ ಹೇಗೂ ಗೊತ್ತಾಗುತ್ತದೆ. ಬೇರೆಯವರ ಬಾಯಿಂದ ಗೊತ್ತಾದರೆ ಅದು ಇನ್ನೊಂದು ಗಾಯ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೇಳಿದ ದಿನದೊಳಗೆ ತಾತ್ಕಾಲಿಕದ ದುಡ್ಡು ಬಂತು. ಅದು ನಮ್ಮದಲ್ಲ, ಮುಟ್ಟಬೇಡ, ಕಿತ್ತುಕೊಂಡಾರು ಅಂತ ಸೊಸೆಗೆ ಹೇಳಿದೆ, ಅವಳಿಗೂ ಅದೇ ಬುದ್ಧಿ ಇತ್ತು. ತಿಂಗಳುಗಳಾದ ಮೇಲೆ ಅದು ಕಾಯಂ ಆಯಿತು ಅಂತ ಕಾಗದ ಬಂತು. ಚಂದ್ರಿಕೆಯ ದುಡ್ಡು ಹೋದದ್ದು ಹೋಯಿತು, ಅದನ್ನು ಮಗನ ಪಾಲಿನಿಂದ ಮುರಿದುಕೊಂಡೆವು. ಹೊಸ ಕಾರ್ಡಿನಲ್ಲಿ ಹೊರದೇಶದ ಸ್ವಿಚ್ಚು ಬಂದ್ ಇದೆ. ನಾನು ತಿಂಗಳಿಗೊಂದು ಸಲ ತೋರಿಸು ಅನ್ನುತ್ತೇನೆ. ಕುಕ್ಕೆ ಈಗಲೂ ಇದೆ, ಆದರೆ ಸೊಪ್ಪು ಹಾಕಿ ಹೊರಗೆ ಬಂದಾಗಲೆಲ್ಲ ಯಾರ ಮೊಬೈಲು ಅವರು ನೋಡಿ ಮತ್ತೆ ಕೈ ತೊಳೆದು ಒಳಗೆ ಹೋಗಬೇಕು. ಸುಣ್ಣಕಟ್ಟು ರೋಗ ಒಂದು ಬೆಳೆ ತಿನ್ನುತ್ತದೆ, ಓದದ ಮೆಸೇಜೂ ಅಷ್ಟೇ ತಿನ್ನುತ್ತದೆ.

ಆದರೆ ಆ ಬುಧವಾರ ಮಲಗುವಾಗ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಹುಳು ನಾಳೆ ಹಣ್ಣಾಗುತ್ತವೆ, ಚಂದ್ರಿಕೆ ಬರುವುದಿಲ್ಲ ಅಂತ ಮಾತ್ರ. ಮನಸ್ಸು ಕೆಟ್ಟ ಮನೆಯಿಂದಲೇ ಮೊದಲು ಕೇಳು ಅನ್ನುತ್ತಿದ್ದ ನನ್ನ ಅತ್ತೆಯ ಮಾತು ನೆನಪಾಯಿತು. ಸೊಸೆಯ ತವರಿನವರು ಮೊದಲು ಹುಳು ಸಾಕುತ್ತಿದ್ದವರು. ಅಪ್ಪ ಸತ್ತ ಮೇಲೆ ಬಿಟ್ಟರು. ಅವರ ಚಂದ್ರಿಕೆಗಳು ತಮ್ಮನ ಮನೆಯ ಅಟ್ಟದ ಮೇಲೆ ಹಾಗೇ ಇದ್ದವು, ಇಷ್ಟು ದಿನ ಅದು ನನ್ನ ತಲೆಗೇ ಬಂದಿರಲಿಲ್ಲ.

ಮರುದಿನ ನಸುಕಿನಲ್ಲೇ ಪಕ್ಕದ ಬೀದಿಯವನ ಗೂಡ್ಸ್ ಆಟೋ ಎಬ್ಬಿಸಿಕೊಂಡು ಚನ್ನಪಟ್ಟಣದ ದಾರಿ ಹಿಡಿದೆ. ಯಾರಿಗೂ ಹೇಳಲಿಲ್ಲ. ಅವನು ಮನೆಯ ಮುಂದೆ ಹಿಂದಿನ ದಿನದ ಮರದ ಹೊಟ್ಟು ಗುಡಿಸುತ್ತಿದ್ದ. ನನ್ನನ್ನು ಕಂಡು ಪೊರಕೆ ಬಿಟ್ಟ. ಅಕ್ಕನಿಗೆ ಏನಾಯಿತೋ ಅಂತ ಮುಖ ಸಣ್ಣಗಾಯಿತು.

"ನಿಮ್ಮಕ್ಕ ಚೆನ್ನಾಗವಳೆ" ಅಂದೆ. "ಅವಳ ಕಾರ್ಡಲ್ಲಿ ಯಾವನೋ ದುಡ್ಡು ಹೊಡ್ದ. ನೀನೇ ಅಂತ ನಾನು ಅನುಮಾನ ಪಟ್ಟೆ. ನೀನಲ್ಲ. ನಮ್ಮನೇಲಿ ಹುಳ ಹಣ್ಣಾಗವೆ, ನಿನ್ನ ಅಟ್ಟದ ಮ್ಯಾಲಿನ ಚಂದ್ರಿಕೆ ಬೇಕು."

ಅವನು ಬಿಟ್ಟ ಪೊರಕೆ ಎತ್ತಿ ಮೂಲೆಗಿಟ್ಟ. ಅಕ್ಕನೂ ಹಾಗೇ ಅಂದುಕೊಂಡಳಾ ಅಂತ ಕೇಳಲು ಬಾಯಿ ತೆರೆದ, ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ಅವರಿಬ್ಬರೇ ನೋಡಿಕೊಳ್ಳಲಿ.

"ಅನುಮಾನಕ್ಕೆ ಬಡ್ಡಿ ಎಷ್ಟು ಅತ್ತೆ?" ಅಂದ ಕಡೆಗೆ.

"ಮೊದ್ಲು ಮೋಟಾರ್ ಕಂತು ತೀರ್ಸು. ಆಮ್ಯಾಕೆ ಬಡ್ಡಿ ಕೇಳುವಂತೆ."

ಅವನು ಏಣಿ ಹಾಕಿದ. ಒಂದೊಂದೇ ಚಂದ್ರಿಕೆ ಇಳಿಸಿದ, ನಾನು ಕೆಳಗಿನಿಂದ ಹಿಡಿದುಕೊಂಡೆ. ಧೂಳು ಕೊಡವಿ ಒಂದೊಂದನ್ನೂ ಮೂಗಿನ ಹತ್ತಿರ ತಂದು ಮೂಸಿದೆ. ಸೀಮೆಎಣ್ಣೆ ತಾಗಿದ್ದರೆ, ಇಲಿಪಾಷಾಣ ತಾಗಿದ್ದರೆ, ಬೊಂಬೆಯ ಬಣ್ಣ ತಾಗಿದ್ದರೆ ಹುಳು ಗೂಡು ಕಟ್ಟುವುದಿಲ್ಲ.

"ಚಂದ್ರಿಕೆ ಮ್ಯಾಲೂ ಅನುಮಾನವಾ?" ಅಂದ ಅವನು ಏಣಿಯ ಮೇಲಿನಿಂದ.

"ನಮ್ಮನೇದನ್ನೂ ಮೂಸ್ತೀನಿ" ಅಂದೆ.

ಎರಡರಲ್ಲಿ ಬಣ್ಣದ ವಾಸನೆ ಇತ್ತು. ಅವನ್ನು ಗೋಡೆಗೆ ಒರಗಿಸಿ ಬಿಟ್ಟು, ಉಳಿದವನ್ನು ಆಟೋದ ಹಿಂದೆ ಜೋಡಿಸಿದೆ. ಬಿಸಿಲು ಏರುವುದರೊಳಗೆ ಹುಳು ಹತ್ತಿಸಬೇಕು. ನಾನೂ ಹಿಂದೆಯೇ ಹತ್ತಿ ಕೂತು, ಬೀಳದ ಹಾಗೆ ಎರಡೂ ಕೈಯಲ್ಲಿ ಅವುಗಳನ್ನು ತಬ್ಬಿ ಹಿಡಿದು, ಆಟೋದವನಿಗೆ ನಡಿ ಅಂದೆ.